ಗ್ರಂಥಪಾಲಕಿ ಪುಟ್ಟಿಗೆ ದೊಡ್ಡಮ್ಮನ ಪತ್ರ

ಮಾಟುಂಗ, ಮುಂಬೈ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ರಾತ್ರಿ ಹನ್ನೊಂದಕ್ಕೆ ಯಾರೋ ಸಂಶೋಧನಾ ವಿದ್ಯಾರ್ಥಿ, ‘ಮೇಡಂ, ನಾಳೆ ಪ್ರಬಂಧ ಸಲ್ಲಿಸಬೇಕು, ಕೃತಿಚೌರ್ಯದ ವರದಿ ಈಗಲೇ ಬೇಕು’ ಎನ್ನುತ್ತಾನಂತೆ. ಬರಹದಲ್ಲಿ ನಕಲು ಎಷ್ಟಿದೆ ಎಂದು ನೋಡಲು ನೀನು ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆಯುತ್ತೀಯಂತೆ. ಭಾನುವಾರವೆಲ್ಲ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ಕಡತವಂತೆ. ಪುಸ್ತಕ ಕಂಡರೆ ಹಿಗ್ಗುತ್ತಿದ್ದವಳು ಈಗ ಹೊಸ ಪುಸ್ತಕಗಳ ಕಟ್ಟು ಬಂದರೆ ಮುಖ ಸಿಂಡರಿಸುತ್ತೀಯಂತೆ. ನನಗೆ ಗಾಬರಿಯಾದದ್ದು ಈ ಕೊನೆಯ ಮಾತಿಗೆ.

ಬರೀ ದಣಿವಾಗಿದ್ದರೆ ರಜೆಯಲ್ಲಿ ಇಳಿಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿದು ಹೋಗುವುದಕ್ಕೆ, ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ತಾತ್ಸಾರ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಅದನ್ನು ಕಾಯಿಲೆ ಎನ್ನಲಿಲ್ಲ, ಗಮನಿಸು. ಕೆಲಸದ ಜಾಗದ ಒತ್ತಡವನ್ನು ನಿಭಾಯಿಸದೆ ಬಿಟ್ಟದ್ದರ ಫಲ ಎಂದಿತು. ಯೋಗಕ್ಕೆ ಸೇರು ಎನ್ನುವವರು ಹೇಳಲಿ. ಯೋಗ ಮಾಡಿದರೆ ಸಹಾಯಕರ ಖಾಲಿ ಹುದ್ದೆ ಭರ್ತಿಯಾಗುವುದಿಲ್ಲ.

ಸರಸ್ವತಿಯ ಸೇವೆ ಎಂದು ಹೊಗಳಿ ದುಡಿಸಿಕೊಳ್ಳುವುದು ನಮ್ಮ ವೃತ್ತಿಯ ಹಳೆಯ ಪೀಡೆ. ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಪಟಕ್ಕೆ ಹಾರ ಹಾಕಿ, ಮದುವೆಯ ದಿನವೂ ಗ್ರಂಥಾಲಯಕ್ಕೆ ಹೋದವರು ಎಂಬ ಕಥೆ ಹೇಳುತ್ತಾರೆ. ಕೇಳುವ ಆಡಳಿತ ಮಂಡಳಿಗೆ ಬಲು ಖುಷಿ! 1931ರ ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸು ಎನ್ನುತ್ತದೆ. ಗ್ರಂಥಪಾಲಕರ ಸಮಯದ ಮಾತು ಐದರಲ್ಲೂ ಇಲ್ಲ. ಅಮೆರಿಕದಲ್ಲಿ ಗ್ರಂಥಪಾಲಕರಾಗಿದ್ದ ಫೊಬಾಜಿ ಎಟ್ಟಾರ್ 2018ರಲ್ಲಿ ಇದನ್ನೇ ಬಿಡಿಸಿ ಬರೆದರು: ವೃತ್ತಿಯನ್ನು ಪವಿತ್ರವೆಂದು ಪೀಠದ ಮೇಲೆ ಕೂರಿಸಿದರೆ, ಸಂಬಳ ಸಾಲದು, ಕೆಲಸ ಹೆಚ್ಚಾಯಿತು ಎಂದು ಬಾಯಿ ಬಿಡುವುದೇ ಅಪಚಾರವಾಗುತ್ತದೆ.

ನೀನು ಬಾಯಿ ಬಿಡು. ಆದರೆ ಕ್ಯಾಂಟೀನಿನಲ್ಲಿ ಅಲ್ಲ, ಕಾಗದದ ಮೇಲೆ. ಕೋಹಾ ತಂತ್ರಾಂಶದಲ್ಲಿ ಪುಸ್ತಕ ಕೊಟ್ಟದ್ದು, ಪಡೆದದ್ದು ಎಲ್ಲದರ ಲೆಕ್ಕವಿರುತ್ತದೆ. ಆ ವರದಿ ತೆಗೆದು, ಇಷ್ಟು ಕೆಲಸಕ್ಕೆ ಇಷ್ಟೇ ಜನ ಎಂದು ಪ್ರಾಂಶುಪಾಲರಿಗೆ ಬರೆ; ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೋ. ಮುದ್ರೆ ಬಿದ್ದ ಕಾಗದ ಮುಂದಿನ ಸಭೆಯಲ್ಲಿ ಮಾತಾಡುತ್ತದೆ. ನೀನು ಸದ್ದಿಲ್ಲದೆ ಇಬ್ಬರ ಕೆಲಸ ಮುಗಿಸಿಕೊಡುವವರೆಗೆ ಎರಡನೆಯವರು ಬೇಕೆಂದು ಯಾರಿಗೂ ತೋರುವುದಿಲ್ಲ. ನ್ಯಾಕ್‌ನಲ್ಲಿ ಗ್ರಂಥಾಲಯದ ಭಾಗ ನಿನ್ನದು, ಒಪ್ಪಿದೆ. ಸ್ಕ್ಯಾನರ್ ನಿನ್ನ ಬಳಿ ಇದೆ ಎಂದು ಕ್ರೀಡಾ ವಿಭಾಗದ ಫೋಟೋಗಳೂ ನಿನ್ನ ಮೇಜಿಗೆ ಬರಬೇಕೇ? ಭಾನುವಾರ ಕರೆದರೆ ಲಿಖಿತ ಆದೇಶ ಕೇಳು, ಬದಲಿ ರಜೆ ಕೇಳು. ಕೃತಿಚೌರ್ಯದ ವರದಿಗೆ ದಿನಕ್ಕೊಂದು ಗಂಟೆ ಗೊತ್ತುಮಾಡಿ ಫಲಕದಲ್ಲಿ ಹಾಕು, ನಿನ್ನ ಸ್ವಂತ ನಂಬರ್ ಅಲ್ಲಿ ಬೇಡ. ಮೊದಲ ವಾರ ಗೊಣಗುತ್ತಾರೆ, ಗೊಣಗಲಿ. ಪ್ರಬಂಧ ಬರೆಯಲು ವರ್ಷಗಟ್ಟಲೆ ತೆಗೆದುಕೊಂಡವರಿಗೆ ಒಂದು ರಾತ್ರಿ ಕಾಯುವುದು ಕಷ್ಟವಲ್ಲ.

ನಿದ್ದೆ ಬರುತ್ತಿಲ್ಲ ಎಂದೂ ಕೇಳಿದೆ. ಅದಕ್ಕೆ ನನ್ನ ಪತ್ರ ಸಾಲದು, ಡಾಕ್ಟರರ ಬಳಿ ಹೋಗು.

ರಜೆ ಹಾಕಿ ಬರುವ ಶನಿವಾರ ಡೆಕ್ಕನ್ ಕ್ವೀನ್ ರೈಲು ಹಿಡಿದು ದಾದರಿನಲ್ಲಿ ಇಳಿ, ದೊಡ್ಡಪ್ಪ ಬರುತ್ತಾರೆ. ಪ್ರಾಂಶುಪಾಲರಿಗೆ ಕೊಡುವ ಅರ್ಜಿಯ ಕರಡು ಬರೆದು ತಾ. ಊಟವಾದ ಮೇಲೆ ಇಬ್ಬರೂ ಕುಳಿತು ತಿದ್ದೋಣ.

ಇಂತಿ ನಿನ್ನ
ದೊಡ್ಡಮ್ಮ