ರಂಗ ಪರಿಭಾಷೆಯನ್ನು ರಂಗದ ಮೇಲೆಯೇ ಕಲಿಸಿ

ಮಾನ್ಯ ಸಂಪಾದಕರೇ,

ನಾಟಕ ವಿದ್ಯಾರ್ಥಿಗಳಿಗೆ ಚಲನೆ, ಧ್ವನಿ ಮತ್ತು ಅಭಿನಯದ ಮೂಲ ಪದಗಳನ್ನು ಕಲಿಸುವಾಗ ವ್ಯಾಖ್ಯೆಗಳನ್ನು ಬರೆಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಎರಡೆರಡು ಅಂಕಕ್ಕೆ ಕೇಳಿ ಮುಗಿಸುವ ಅಭ್ಯಾಸ ಹಲವು ತರಗತಿಗಳಲ್ಲಿದೆ. ಇವೆಲ್ಲ ತಾಲೀಮಿನ ನಡುವೆ ನಿರ್ದೇಶಕರು ನಟರಿಗೆ ಕೊಡುವ, ನಟರು ತಕ್ಷಣ ಪಾಲಿಸಬೇಕಾದ ಸೂಚನೆಗಳಾದ್ದರಿಂದ, ಮೊದಲ ದಿನದಿಂದಲೇ ವಿದ್ಯಾರ್ಥಿಗಳನ್ನು ರಂಗದ ಮೇಲೆ ನಿಲ್ಲಿಸಿ, ನಡೆಸಿ, ಮಾತನಾಡಿಸಿ ಕಲಿಸಬೇಕೆಂಬುದು ನನ್ನ ವಿನಂತಿ.

ರಂಗದ ಎಡ–ಬಲವನ್ನೇ ನೋಡೋಣ. ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟನ ಬಲಗೈ ಕಡೆಯದು ಸ್ಟೇಜ್ ರೈಟ್. ಸಭಾಂಗಣದಲ್ಲಿ ಕುಳಿತ ನಿರ್ದೇಶಕರು ತಮ್ಮ ಎಡ–ಬಲವನ್ನು ಮರೆತು ನಟನ ಲೆಕ್ಕದಲ್ಲೇ ಹೇಳುತ್ತಾರೆ. ಯುರೋಪಿನ ಹಳೆಯ ರಂಗಮಂದಿರಗಳಲ್ಲಿ ವೇದಿಕೆಯ ಹಿಂಭಾಗ ಎತ್ತರವಾಗಿದ್ದು, ನೆಲ ಪ್ರೇಕ್ಷಕರ ಕಡೆಗೆ ಇಳಿಜಾರಾಗಿರುತ್ತಿದ್ದ ಕಾರಣ, ಸಮತಟ್ಟು ನೆಲದ ಈ ಕಾಲದಲ್ಲೂ ಹಿಂಭಾಗ ಅಪ್‌ಸ್ಟೇಜ್, ಮುಂಭಾಗ ಡೌನ್‌ಸ್ಟೇಜ್ ಆಗಿಯೇ ಉಳಿದಿವೆ. ಇಷ್ಟನ್ನು ಬರೆಸಬಹುದು. ಆದರೆ ಇಬ್ಬರನ್ನು ಮಾತಿಗೆ ಹಚ್ಚಿ, ಒಬ್ಬರನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಕಳಿಸಿ ನೋಡಿ: ಮುಂದೆ ನಿಂತವರು ಅವರೊಡನೆ ಮಾತನಾಡಲು ಪ್ರೇಕ್ಷಕರಿಗೆ ಬೆನ್ನು ತಿರುಗಿಸಲೇಬೇಕಾಗುತ್ತದೆ, ಮತ್ತು ಜೊತೆನಟರನ್ನು ಹಾಗೆ ಸಿಕ್ಕಿಸುವುದು ಏಕೆ ಅಸೌಜನ್ಯವೆಂದು ಬೇರೆ ಹೇಳಬೇಕಾಗುವುದಿಲ್ಲ. ಒಬ್ಬರು ಕ್ರಾಸ್ ಮಾಡಿದಾಗ, ಎಂದರೆ ರಂಗದ ಮೇಲೆ ಒಂದೆಡೆಯಿಂದ ಇನ್ನೊಂದೆಡೆಗೆ ನಡೆದಾಗ, ಮತ್ತೊಬ್ಬರು ಒಂದೆರಡು ಹೆಜ್ಜೆ ಎದುರು ದಿಕ್ಕಿಗೆ ಸರಿದು ಸಮತೋಲ ಕಾಯುವ ಕೌಂಟರ್ ಕ್ರಾಸ್ ಕೂಡ ಕಾಲಿಗೆ ತಿಳಿಯಬೇಕಾದ ಸಂಗತಿಯೇ. ಬ್ಲಾಕಿಂಗನ್ನು, ಎಂದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂಬುದನ್ನು, ನಾಟಕದ ಪ್ರತಿಯಲ್ಲಿ ಪೆನ್ಸಿಲಿನಿಂದಲೇ ಗುರುತು ಹಾಕಿಕೊಳ್ಳಬೇಕೆಂಬುದು ಎರಡನೇ ತಾಲೀಮಿನಲ್ಲಿ ಅದು ಬದಲಾದಾಗ ತಾನಾಗಿ ಅರ್ಥವಾಗುತ್ತದೆ.

ಧ್ವನಿಯ ವಿಷಯದಲ್ಲಂತೂ ವ್ಯಾಖ್ಯೆ ಬರೆಸಿ ಕಲಿಸುವ ಪದ್ಧತಿ ಹಾನಿಯನ್ನೇ ಮಾಡುತ್ತದೆ. ಪ್ರೊಜೆಕ್ಷನ್ ಎಂದರೆ ಮಾತು ಕೊನೆಯ ಸಾಲಿನವರೆಗೂ ತಲುಪುವುದು ಎಂದು ಬರೆದುಕೊಂಡ ವಿದ್ಯಾರ್ಥಿ ರಂಗಕ್ಕೆ ಬಂದು ಗಂಟಲು ಬಿಗಿದು ಕೂಗುತ್ತಾನೆ. ಉಸಿರೆಳೆದಾಗ ವಪೆ (ಎದೆ–ಹೊಟ್ಟೆಗಳ ನಡುವಿನ ಸ್ನಾಯುಪೊರೆ) ಕೆಳಗಿಳಿದು ಪಕ್ಕೆಲುಬುಗಳು ಹಿಗ್ಗುವುದನ್ನು ಕೈಯಿಟ್ಟು ಗಮನಿಸುವ, ಹೊರಬರುವ ಉಸಿರನ್ನು ಹಿಡಿತದಲ್ಲಿಟ್ಟುಕೊಂಡು ಮಾತಿಗೆ ಆಸರೆಯಾಗಿಸುವ ಅಭ್ಯಾಸವನ್ನು ಅವನಿಗೆ ಯಾರೂ ಮಾಡಿಸಿರುವುದಿಲ್ಲ. ಹೀಗೆ ಕೂಗುತ್ತಲೇ ಹೋದರೆ ಧ್ವನಿತಂತುಗಳು ಬಲವಾಗಿ ಬಡಿದುಕೊಂಡು ದನಿ ಒಡೆಯುತ್ತದೆ. ದಿನ ಕಳೆದಂತೆ ಅವುಗಳ ಮೇಲೆ ಗಂಟುಗಳೂ ಮೂಡಬಹುದು. ದೂರದವರನ್ನು ಕರೆಯುವಾಗ ಶಿರಸ್ಸಿನಿಂದ, ಅಷ್ಟೇನೂ ದೂರವಿಲ್ಲದವರಿಗೆ ಕಂಠದಿಂದ, ಪಕ್ಕದಲ್ಲಿರುವವರಿಗೆ ಎದೆಯಿಂದ ದನಿ ಹೊರಡಬೇಕೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಈ ಮೂರು ಸ್ಥಾನಗಳನ್ನು ಒಪ್ಪಿಸುವವರು ಬೇಕಾದಷ್ಟು ಸಿಗುತ್ತಾರೆ, ಒಂದೇ ಹೆಸರನ್ನು ಮೂರು ದೂರಗಳಿಗೆ ಕೂಗಿ ತೋರಿಸುವವರು ಅಪರೂಪ. ಇದಕ್ಕಿಂತಲೂ ಅಲಕ್ಷ್ಯಕ್ಕೆ ಒಳಗಾದದ್ದು ವಾಕ್ಯದ ಕೊನೆ. ಕನ್ನಡದಲ್ಲಿ ಕ್ರಿಯಾಪದವೂ ‘ಇಲ್ಲ’ ಎಂಬ ನಿಷೇಧವೂ ಸಾಮಾನ್ಯವಾಗಿ ಕೊನೆಯಲ್ಲೇ ಬರುತ್ತವೆ. ಅಲ್ಲಿ ಉಸಿರು ಮುಗಿದು ದನಿ ಕುಸಿದರೆ ‘ಬಂದಿದ್ದ’ ಮತ್ತು ‘ಬಂದಿರಲಿಲ್ಲ’ ಎಂಬುದರ ವ್ಯತ್ಯಾಸವೇ ಪ್ರೇಕ್ಷಕರಿಗೆ ಕೇಳಿಸುವುದಿಲ್ಲ.

ಅಭಿನಯದ ಪದಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಷ್ಯಾದ ನಟ, ನಿರ್ದೇಶಕ ಸ್ತಾನಿಸ್ಲಾವ್ಸ್ಕಿ (1863–1938) ನಟನಿಗೆ ಕೇಳಿಕೊಳ್ಳಲು ಹೇಳಿದ್ದು ಪಾತ್ರ ಯಾವ ಸನ್ನಿವೇಶದಲ್ಲಿದೆ, ಅದಕ್ಕೆ ಏನು ಬೇಕಾಗಿದೆ ಎಂಬುದನ್ನು. ‘ಇಲ್ಲಿ ಕೋಪ ತೋರಿಸುತ್ತೇನೆ’ ಎನ್ನುವ ವಿದ್ಯಾರ್ಥಿಗೆ ‘ಅವನು ಬಾಗಿಲು ದಾಟದಂತೆ ತಡೆ’ ಎಂದು ಕೆಲಸವೊಂದನ್ನು ಕೊಟ್ಟರೆ, ಕೋಪ ಬರುವುದಿದ್ದರೆ ಅದರ ಹಿಂದೆಯೇ ಬರುತ್ತದೆ. ಆಂಗಿಕ (ದೇಹ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ವಿಕ (ಒಳಭಾವ) ಎಂಬ ಅಭಿನಯದ ಬಗೆಗಳನ್ನು ನಾಲ್ಕು ಪ್ರತ್ಯೇಕ ಪಾಠಗಳಾಗಿಸುವುದೂ ನನಗೆ ಸರಿತೋರದು. ಎಂಟು ಸಾತ್ವಿಕ ಭಾವಗಳಲ್ಲಿ ಒಂದಾದ ಸ್ವರಭೇದ, ಎಂದರೆ ಭಾವದಿಂದ ದನಿ ಬದಲಾಗುವುದು, ಕಾಣಿಸಿಕೊಳ್ಳುವುದೇ ವಾಚಿಕದಲ್ಲಿ.

ಆದ್ದರಿಂದ ಪಠ್ಯಕ್ರಮ ರೂಪಿಸುವವರು ಪರೀಕ್ಷೆಯನ್ನು ಬದಲಿಸಲಿ. ವಿದ್ಯಾರ್ಥಿಗಳ ಕೈಗೆ ಒಂದು ಪುಟದ ಸಂಭಾಷಣೆ ಕೊಟ್ಟು, ನಿರ್ದೇಶಕರ ಸೂಚನೆಯಂತೆ ಬ್ಲಾಕಿಂಗ್ ಗುರುತು ಹಾಕಿಸಿ, ಧ್ವನಿವರ್ಧಕವಿಲ್ಲದೆ ಆಡಿಸಿ, ಮರುದಿನ ಅದೇ ಹೆಜ್ಜೆ ಮತ್ತು ಅದೇ ಕ್ಯೂಗಳೊಂದಿಗೆ (ಮಾತು ಅಥವಾ ಚಲನೆ ಆರಂಭಿಸಲು ಸಿಗುವ ಸುಳಿವುಗಳೊಂದಿಗೆ) ಮತ್ತೊಮ್ಮೆ ಆಡಿಸಲಿ. ವ್ಯಾಖ್ಯೆ ಬರೆಸಲೇಬೇಕೆಂದಿದ್ದರೆ ಅದಕ್ಕೆ ನೂರರಲ್ಲಿ ಹತ್ತು ಅಂಕ ಸಾಕು.

ಇತಿ,
ಒಬ್ಬ ರಂಗಾಭ್ಯಾಸಿ