ಓಬವ್ವನ ಊರಿಗೆ ಬಂದ ಅಪರಿಚಿತ: ಮಕ್ಕಳ ನಾಟಕದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ನಮ್ಮ ಆರು ಮತ್ತು ಏಳನೇ ತರಗತಿಯ ಮಕ್ಕಳು ತಾವೇ ಬರೆದ ನಾಟಕ ಆಡುತ್ತಿದ್ದಾರೆ. ಅದರ ಕಥೆ ಕೇಳಿ ನಿಮ್ಮಲ್ಲಿ ನಾಲ್ಕೈದು ಜನ ನನ್ನ ಹತ್ತಿರ ಬಂದಿರಿ. ಬದಲಾಯಿಸಿ ಅಂದಿರಿ. ನಾನು ಎರಡು ದಿನ ಯೋಚನೆ ಮಾಡಿದೆ. ಬದಲಾಯಿಸುವುದು ಬೇಡ ಅನ್ನಿಸಿತು. ಯಾಕೆ ಅಂತ ನಿಮಗೆ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ಕಥೆ ಹೀಗಿದೆ. ಬೇರೆ ಲೋಕದ ನೌಕೆಯೊಂದು ಚಳ್ಳಕೆರೆ ಹತ್ತಿರ ಇಳಿಯುತ್ತದೆ. ಅಲ್ಲೇ ಯಾಕೆ ಅಂದರೆ, ಅಲ್ಲಿ ಉದ್ದನೆಯ ರನ್‌ವೇ ಇದೆ. 2024ರ ಮಾರ್ಚ್ 22ರಂದು ಇಸ್ರೋದವರು ಪುಷ್ಪಕ್ ಎಂಬ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಾಗ, ಅದು ಯಾರೂ ಓಡಿಸದೆ ತಾನೇ ಬಂದು ಇಳಿದಿದ್ದು ಅಲ್ಲೇ. ಮಕ್ಕಳು ಅದನ್ನು ಮರೆತಿಲ್ಲ. ನೌಕೆಯಲ್ಲಿ ಬಂದವನಿಗೆ ಕನ್ನಡದಲ್ಲಿ ಒಂದೇ ಒಂದು ಮಾತು ಗೊತ್ತು. 1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪ ಕೊಟ್ಟ, ಧ್ವನಿ ಮುದ್ರಿಸಿದ ತಾಮ್ರದ ತಟ್ಟೆ ಇಟ್ಟಿದ್ದಾರೆ. ಅದರಲ್ಲಿ 55 ಭಾಷೆಗಳಲ್ಲಿ ಶುಭಾಶಯ ಇದೆ, ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಯಾರಿಗೋ ಗೊತ್ತಿಲ್ಲದವರಿಗೆ ನಾವು ಆಗಲೇ ಶುಭ ಕೋರಿಬಿಟ್ಟಿದ್ದೇವೆ. ಆ ತಟ್ಟೆ ಕೇಳಿಸಿಕೊಂಡೇ ಇವನು ಬಂದಿದ್ದಾನೆ. ಈ ಐಡಿಯಾ ನನ್ನದಲ್ಲ, ಆರನೇ ತರಗತಿಯ ಒಬ್ಬಳದು. ನನಗೆ ಕಣ್ಣಲ್ಲಿ ನೀರು ಬಂತು.

ಅವನ ನೌಕೆಯ ನೀರೆಲ್ಲ ಸೋರಿಹೋಗಿದೆ. ಊರಿನವರು ಅವನನ್ನು ನೋಡಿ ಹೆದರುತ್ತಾರೆ, ಕಲ್ಲು ಹೊಡೆದು ಓಡಿಸುತ್ತಾರೆ. ಅವನು ನಮ್ಮ ಚಿತ್ರದುರ್ಗದ ಕೋಟೆ ಹತ್ತಿ, ಕಿಂಡಿಯ ಆಚೆ ಬಚ್ಚಿಟ್ಟುಕೊಳ್ಳುತ್ತಾನೆ. ತಣ್ಣೀರು ದೋಣಿ ಎಂಬ ನೀರಿನ ಹೊಂಡಕ್ಕೆ ಕೊಡ ಹಿಡಿದು ಬಂದ ಹುಡುಗಿಗೆ ಕಿಂಡಿಯಿಂದ ಒಂದು ಕೈ ಕಾಣುತ್ತದೆ.

ಮೊದಲ ಸಲ ಬರೆದಾಗ ಮಕ್ಕಳು ಇಲ್ಲಿಗೆ ಕಥೆ ಮುಗಿಸಿದ್ದರು. ಹುಡುಗಿ ಒನಕೆ ಎತ್ತುತ್ತಾಳೆ, ಅವನು ಸಾಯುತ್ತಾನೆ, ಎಲ್ಲರೂ ಚಪ್ಪಾಳೆ. ಓದಿ ಮುಗಿದ ಮೇಲೆ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಹೈದರಾಲಿ ಕಡೆಯವ್ರು ಯುದ್ಧಕ್ಕೆ ಬಂದಿದ್ರು. ಇವ್ನು ನೀರಿಗೆ ಬಂದಿದ್ದಾನೆ" ಅಂದ. ಅಷ್ಟೇ. ಮಕ್ಕಳು ಆ ಪುಟ ಹರಿದು ಹೊಸದಾಗಿ ಬರೆದರು.

"ಓಬವ್ವನ ಊರಲ್ಲಿ ಕಿಂಡಿಯಿಂದ ಬಂದವನಿಗೆ ನೀರು ಕೊಡೋದಾ?" ಅಂತ ಕೇಳಿದ ತಂದೆಯವರಿಗೆ ನನ್ನ ಉತ್ತರವೂ ಅದೇ. ಓಬವ್ವನ ಬಗ್ಗೆ ನನಗೂ ನಿಮ್ಮಷ್ಟೇ ಹೆಮ್ಮೆ ಇದೆ. ಅವಳು ಗಂಡನ ಊಟಕ್ಕೆ ನೀರು ತರಲು ಕೊಡ ಹಿಡಿದು ಹೋದವಳು. ಬಂದವರು ಯಾರು, ಯಾಕೆ ಬಂದರು ಅಂತ ಕಿವಿಗೊಟ್ಟು ಕೇಳಿ, ತಿಳಿದ ಮೇಲೆಯೇ ಒನಕೆ ಎತ್ತಿದಳು.

ಇನ್ನೊಂದು ಪ್ರಶ್ನೆ ತಾಯಂದಿರದು. "ಗೊತ್ತಿಲ್ಲದವರ ಹತ್ತಿರ ಮಾತಾಡಬೇಡ ಅಂತ ನಾವು ದಿನಾ ಹೇಳ್ತೀವಿ, ನೀವು ಸ್ನೇಹ ಮಾಡು ಅಂತ ಕಲಿಸ್ತೀರಲ್ಲ?" ನ್ಯಾಯವಾದ ಪ್ರಶ್ನೆ. ನಾಟಕದ ಹುಡುಗಿ ಒಬ್ಬಳೇ ಕಿಂಡಿ ದಾಟುವುದಿಲ್ಲ. ಕೊಡ ಅಲ್ಲೇ ಇಟ್ಟು, ಹಿಂದೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬರುತ್ತಾಳೆ. ಗುಟ್ಟಾಗಿ ಇಡು ಅಂತ ಯಾರಾದರೂ ಹೇಳಿದರೆ ಮೊದಲು ಮನೆಯಲ್ಲಿ ಹೇಳಬೇಕು, ಭಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು ಅಂತ ನಾವು ಪ್ರತಿ ವಾರ ಹೇಳಿಕೊಡುತ್ತೇವೆ. ಅದನ್ನು ಬಿಡುವುದಿಲ್ಲ.

ಆದರೆ ದೊಡ್ಡವರ ಭಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿದೆಯಾ? ಹೊರಗಿನಿಂದ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ಜನ ಸೇರಿ ಹೊಡೆದರು, ಒಬ್ಬ ಸತ್ತೇಹೋದ. ಆ ಗುಂಪಿನಲ್ಲಿ ಮಕ್ಕಳನ್ನು ತುಂಬಾ ಪ್ರೀತಿಸುವ ಅಪ್ಪಂದಿರೂ ಇದ್ದಿರಬೇಕು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ನಮ್ಮ ಶಾಲೆಗೇ ಬರುತ್ತೇನೆ. ಈ ವರ್ಷದ ನಡುವೆ ಬೇರೆ ರಾಜ್ಯದ ಹುಡುಗನೊಬ್ಬ ಸೇರಿದ. ಅಪ್ಪ ಅಮ್ಮ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುತ್ತಾರೆ. ಎರಡು ತಿಂಗಳು ಅವನು ಬಿಸಿಯೂಟಕ್ಕೆ ಕಂಬದ ಹತ್ತಿರ ಒಬ್ಬನೇ ಕೂರುತ್ತಿದ್ದ. ನಾನು ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದೆ. ನನಗೆ ಕಾಣಲಿಲ್ಲ. ಅದು ನನ್ನ ತಪ್ಪು.

ಪಾತ್ರ ಹಂಚುವಾಗ ಕೆಲವರು "ಹೊರಗಿನವನ ಪಾರ್ಟು ಅವನಿಗೇ ಕೊಡಿ" ಅಂದರು. ಬೇಡ ಅಂದೆ. ನಿನಗೇನು ಬೇಕು ಅಂತ ಅವನನ್ನೇ ಕೇಳಿದೆ. ಊರಗೌಡ ಬೇಕು ಅಂದ. ಈಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು, "ಯಾರು ನೀನು? ಎಲ್ಲಿಂದ ಬಂದೆ?" ಅಂತ ಜೋರಾಗಿ ಗದರುತ್ತಾನೆ. ಅವನ ಕನ್ನಡ ಇನ್ನೂ ಸ್ವಲ್ಪ ತೊದಲುತ್ತದೆ, ಆದರೆ ಈ ಎರಡು ಪ್ರಶ್ನೆ ಮಾತ್ರ ಸ್ಪಷ್ಟ. ಬಂದ ದಿನದಿಂದ ಅವನು ಈ ಪ್ರಶ್ನೆಗಳನ್ನೇ ಜಾಸ್ತಿ ಕೇಳಿಸಿಕೊಂಡಿದ್ದಾನೆ.

ಪಾಠ ಹಿಂದೆ ಬೀಳುತ್ತದೆ ಅನ್ನುವವರಿಗೆ: ರಿಹರ್ಸಲ್ ಎಲ್ಲ ಸಂಜೆ 4ರ ಮೇಲೆಯೇ.

ನಾಟಕ ಶನಿವಾರ ಮಧ್ಯಾಹ್ನ 3 ಗಂಟೆಗೆ, ಶಾಲೆಯ ಅಂಗಳದಲ್ಲಿ. ಚಾಪೆ ನಾವು ಹಾಸುತ್ತೇವೆ. ಬಿಸ್ಕೆಟ್ ಪ್ಯಾಕೆಟ್ಟಿನ ಬೆಳ್ಳಿ ಕಾಗದ ಸಾಕಷ್ಟು ಬಂದಿದೆ, ಇನ್ನು ಕಳಿಸಬೇಡಿ. ಒಂದು ಹಿತ್ತಾಳೆ ಕೊಡ ಬೇಕು. ಒನಕೆಯೂ ಬೇಕು, ಯಾಕೆಂದರೆ ನೀರು ಕೊಡುವಾಗಲೂ ಅಜ್ಜಿ ಅದನ್ನು ಕೈಯಿಂದ ಬಿಡುವುದಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯದು ಇದ್ದರೆ ಗುರುವಾರದೊಳಗೆ ಕಳಿಸಿ. ಏಳನೇ ತರಗತಿ ಹುಡುಗಿ ಎತ್ತುವಷ್ಟು ಹಗುರ ಇರಲಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಚಿತ್ರದುರ್ಗ