ಹುಳಕಡ್ಡಿ ಮಾತ್ರೆನ ಕತ್ತರಿಸಿ ಕೊಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಜೂನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲ್ಲ ಅನ್ನೋದು ನಿಮಗೂ ಗೊತ್ತಿರೋದೇ. ತೋಟದಲ್ಲಿ ಕೆಲಸ ಮಾಡೋರಿಗೆ ಪ್ಲಾಸ್ಟಿಕ್ ಕೊಪ್ಪೆ ಒಳಗೆ ಬೆವರು, ಗಂಬೂಟ್ ಒಳಗೆ ನೀರು, ಒಗೆದ ಬಟ್ಟೆ ಒಲೆ ಮೇಲೆ ನೇತಾಕಿದ್ರೂ ಒಣಗಲ್ಲ, ಹಸಿಹಸಿ ಇರೋದನ್ನೇ ಬೆಳಗ್ಗೆ ಹಾಕ್ಕೊಂಡು ಬರ್ತಾರೆ. ಹಂಗಾಗಿ ಕೂಲಿಯವರ ಲೈನ್ ಮನೆಗಳಲ್ಲಿ ತೊಡೆ ಸಂದಿ, ಸೊಂಟ, ಕಂಕುಳಲ್ಲಿ ಹುಳಕಡ್ಡಿ ಅನ್ನೋ ಫಂಗಸ್ ಚರ್ಮರೋಗ ಹತ್ತಿಸ್ಕೊಳ್ಳದೇ ಇರೋರೇ ಕಡಿಮೆ. ಒಬ್ಬರಿಗೆ ಬಂದ್ರೆ ಟವೆಲ್ಲು ಹಾಸಿಗೆ ಮೂಲಕ ಮನೆಮಂದಿಗೆಲ್ಲ. ನಾನು ಇಲ್ಲೊಂದು ಕಾಫಿ ತೋಟದಲ್ಲಿ ರೈಟರ್ ಕೆಲಸ ಮಾಡೋನು, ಹಾಜರಿ ಬಟವಾಡೆ ನೋಡ್ಕೊಳ್ಳೋದ್ರ ಜೊತೆಗೆ ಹುಷಾರಿಲ್ಲದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ನನ್ನ ಪಾಲಿಗೇ ಬರುತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲೆಲ್ಲ ಮುಲಾಮಲ್ಲೇ ವಾಸಿ ಆಗ್ತಿತ್ತು. ಈಗ ಆಗ್ತಿಲ್ಲ, ಹಂಗಾಗಿ ಎಲ್ಲರೂ ಮಾತ್ರೆಗೆ ಹೋಗ್ತಿದಾರೆ. ಹೋಗಲಿ, ಅದು ತಪ್ಪಲ್ಲ, ಮೈ ತುಂಬಾ ಹರಡಿದ್ರೆ ಡಾಕ್ಟರೇ ಮಾತ್ರೆ ಬರೀತಾರೆ. ನನ್ನ ತಕರಾರು ಆ ಮಾತ್ರೆ ಕೈಗೆ ಸಿಗ್ತಿರೋ ರೀತಿ ಮೇಲೆ. ಬಟವಾಡೆ ದಿನ ಪೇಟೆಗೆ ಹೋದವರು ಮೆಡಿಕಲ್ ಶಾಪಲ್ಲಿ "ಕಡಿತಕ್ಕೆ ಏನಾದ್ರೂ ಕೊಡಿ ಅಣ್ಣ" ಅಂತಾರೆ, ಅವರು ಇಟ್ರಾಕೊನಜೋಲ್ ಅನ್ನೋ ಫಂಗಸ್ ಔಷಧಿ ಸ್ಟ್ರಿಪ್ಪಿಂದ ನಾಲ್ಕು ಕ್ಯಾಪ್ಸೂಲ್ ಕತ್ತರಿಸಿ ಒಂದು ಕ್ರೀಮ್ ಟ್ಯೂಬ್ ಜೊತೆ ಕೊಡ್ತಾರೆ, ಚೀಟಿನೂ ಇಲ್ಲ ಬಿಲ್ಲೂ ಇಲ್ಲ. ನಮ್ಮ ಲೈನಿನ ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿ ಅಂಥದೊಂದು ತುಂಡು ತೋರಿಸಿದ್ರು. ಕತ್ತರಿ ಆಡಿಸಿದ ಜಾಗದಲ್ಲಿ ಔಷಧಿ ಹೆಸರು ಅರ್ಧಕ್ಕೇ ಹೋಗಿದೆ, ಎಕ್ಸ್‌ಪೈರಿ ತಾರೀಕು ಇರೋ ಕಡೆ ಅಂಗಡಿಯವರ ಹತ್ರಾನೇ ಉಳ್ಕೊಂಡಿದೆ, ಡಾಕ್ಟರ್ ಚೀಟಿ ಇದ್ರೆ ಮಾತ್ರ ಮಾರಬೇಕು ಅಂತ ಬರೆದಿರೋ ಪಟ್ಟಿನೂ ಇಲ್ಲ. ಇಟ್ರಾಕೊನಜೋಲ್, ಟರ್ಬಿನಾಫಿನ್, ಫ್ಲುಕೊನಜೋಲ್, ಗ್ರೈಸಿಯೋಫಲ್ವಿನ್ ಇವೆಲ್ಲ ಶೆಡ್ಯೂಲ್ ಎಚ್ ಔಷಧಿಗಳು, ಚೀಟಿ ಇಲ್ಲದೆ ಮಾರೋ ಹಂಗೇ ಇಲ್ಲ.

ಆ ಅಕ್ಕ ಹೇಳಿದ್ದು ಕೇಳಿ. "ಎದೆ ಉರಿ ಬರುತ್ತೆ ರೈಟ್ರೇ, ಅದಕ್ಕೆ ಬೆಳಗ್ಗೆನೇ ಗ್ಯಾಸ್ ಮಾತ್ರೆ ಜೊತೆಗೇ ನುಂಗಿ ಕಾಫಿ ಕುಡ್ಕೊಂಡು ಬರ್ತೀನಿ, ಆದ್ರೂ ಕಡಿತ ನಿಲ್ತಿಲ್ಲ." ಆಮೇಲೆ ಅವರನ್ನ ಹಾಸನದಲ್ಲಿ ಚರ್ಮದ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಡಾಕ್ಟರ್ ಮೊದಲು ಹಿಡಿದಿದ್ದೇ ಇದನ್ನ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಸೇರಬೇಕು ಅಂದ್ರೆ ಹೊಟ್ಟೇಲಿ ಆಸಿಡ್ ಇರಬೇಕು, ಅದಕ್ಕೇ ಹೊಟ್ಟೆ ತುಂಬಾ ಊಟ ಮಾಡಿದ ತಕ್ಷಣ ತಗೊಳ್ಳಿ ಅನ್ನೋದು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಅಂತ ನಾವು ಗ್ಯಾಸ್ ಮಾತ್ರೆ ಅನ್ನೋದಿದ್ಯಲ್ಲ, ಅದರ ಕೆಲಸನೇ ಆಸಿಡ್ ಕಡಿಮೆ ಮಾಡೋದು. ಖಾಲಿ ಹೊಟ್ಟೆ, ಮೇಲೆ ಗ್ಯಾಸ್ ಮಾತ್ರೆ, ಎರಡೂ ಸೇರಿದ್ರೆ ಇಟ್ರಾಕೊನಜೋಲ್ ಸರಿಯಾಗಿ ರಕ್ತಕ್ಕೇ ಸೇರಲ್ಲ, ದುಡ್ಡು ಕೊಟ್ಟು ತಂದಿದ್ದು ದಂಡ. ಬಾಟಲಿ ಸಿರಪ್ಪಿನ ಆಂಟಾಸಿಡ್ ಆದ್ರೆ ಎರಡು ಗಂಟೆ ಅಂತರ ಬಿಟ್ಟು ತಗೋಬಹುದು, ಆದ್ರೆ ಪ್ಯಾಂಟೊಪ್ರಜೋಲ್ ಥರದ್ದು ದಿನಪೂರ್ತಿ ಆಸಿಡ್ ತಡೆಯುತ್ತೆ, ಅಂಥೋರು ಡಾಕ್ಟರಿಗೆ ಮೊದಲೇ ಹೇಳಿದ್ರೆ ಅವರು ಬೇರೆ ಔಷಧಿ ನೋಡ್ತಾರೆ, ಟರ್ಬಿನಾಫಿನ್‌ಗೆ ಈ ಆಸಿಡ್ ಲೆಕ್ಕ ಇಲ್ಲ. ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಸಣ್ಣ ಉಂಡೆಗಳನ್ನ ನೀರಿಗೆ ಕಲಸಿ ಕುಡಿಯೋರನ್ನೂ ನೋಡಿದೀನಿ, ದಯವಿಟ್ಟು ಹಂಗೆ ಮಾಡಬೇಡಿ, ಇಡಿಯಾಗೇ ನುಂಗಬೇಕು.

ಇನ್ನು ಜೊತೆಗೆ ಬೇರೆ ಮಾತ್ರೆ ತಗೊಳ್ಳೋರ ವಿಷಯ. ಶುಗರಿಗೆ ಗ್ಲಿಮೆಪಿರೈಡ್ ತಗೊಳ್ಳೋರು ಫ್ಲುಕೊನಜೋಲ್ ಸೇರಿಸಿದ್ರೆ ಶುಗರ್ ಜಾಸ್ತಿನೇ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಗುಡ್ಡದ ಇಳಿಜಾರಲ್ಲಿ ಒಬ್ಬರೇ ಕೆಲಸ ಮಾಡೋವಾಗ ಹಂಗಾದ್ರೆ ಏನು ಗತಿ? ರಕ್ತ ತೆಳು ಮಾಡೋ ವಾರ್ಫರಿನ್ ಜೊತೆ ಫ್ಲುಕೊನಜೋಲ್ ಸೇರಿದ್ರೆ ರಕ್ತಸ್ರಾವದ ಅಪಾಯ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ ಜೊತೆ ಇಟ್ರಾಕೊನಜೋಲ್ ಕೊಡಲೇಬಾರದು, ಮಾಂಸಖಂಡಕ್ಕೆ ಪೆಟ್ಟು ಬೀಳುತ್ತೆ. ಹಾರ್ಟ್ ಫೇಲ್ಯೂರ್ ಇರೋರಿಗೆ ಚರ್ಮ, ಉಗುರಿನ ಫಂಗಸ್‌ಗೆ ಇಟ್ರಾಕೊನಜೋಲ್ ಕೊಡಲ್ಲ, ಮಾತ್ರೆ ಶುರು ಮಾಡಿದ ಮೇಲೆ ಕಾಲು ಊದಿಕೊಂಡ್ರೆ, ಮಲಗಿದ್ರೆ ಉಸಿರು ಕಟ್ಟಿದಂಗೆ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಸುರಿಯರು, ಮಗು ಬೇಕು ಅಂದ್ಕೊಂಡಿರೋರು ಡಾಕ್ಟರನ್ನ ಕೇಳದೆ ಇವು ಯಾವುದನ್ನೂ ಮುಟ್ಟಬಾರದು. ಅಂಗಡಿಯವರು "ನಿಮಗೆ ಶುಗರ್ ಇದ್ಯಾ, ಬೇರೆ ಏನು ಮಾತ್ರೆ ತಗೋತೀರಾ" ಅಂತ ಕೇಳಿದ್ದನ್ನ ನಾನಂತೂ ನೋಡಿಲ್ಲ.

ಲಿವರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಲ್ಲರಿಗೂ ಆಗಲ್ಲ, ಹೆಚ್ಚಿನವರಿಗೆ ಏನೂ ತೊಂದರೆ ಇಲ್ಲದೆ ಕೋರ್ಸ್ ಮುಗಿಯುತ್ತೆ, ಹೆದರ್ಕೊಂಡು ಮಾತ್ರೆ ಬಿಡೋದೂ ಬೇಡ. ಆದ್ರೆ ಆಗೋರಿಗೆ ಜೋರಾಗೇ ಆಗಬಹುದು. ಅದಕ್ಕೇ ವಾರಗಟ್ಟಲೆ ಕೊಡೋದಾದ್ರೆ ಡಾಕ್ಟರ್ ಶುರುವಲ್ಲೇ ರಕ್ತ ತೆಗೆಸಿ ಲಿವರ್ ಟೆಸ್ಟ್ ಮಾಡಿಸ್ತಾರೆ, ಬೇಕಾದ್ರೆ ನಡುವೆ ಇನ್ನೊಂದು ಸಲ. ಊಟ ಸೇರದೆ ವಾಕರಿಕೆ, ವಿಪರೀತ ಸುಸ್ತು, ಬಲ ಪಕ್ಕೆ ಕೆಳಗೆ ನೋವು, ಮೂತ್ರ ಕಡುಬಣ್ಣ, ಕಣ್ಣು ಹಳದಿ, ಇಷ್ಟರಲ್ಲಿ ಯಾವುದು ಕಂಡ್ರೂ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ರ ಹೋಗಬೇಕು. ಕಾಮಾಲೆ ಅಂತ ನಾಟಿ ಔಷಧಿಗೆ ಹೋಗಿ ಮಾತ್ರೆನೂ ನುಂಗ್ತಾ ಕೂತ್ರೆ ಜೀವಕ್ಕೇ ಕಷ್ಟ. ಬಟವಾಡೆ ರಾತ್ರಿ ಕುಡಿಯೋ ಅಣ್ಣಂದಿರಿಗೆ ಕೈ ಮುಗಿದು ಕೇಳ್ಕೋತೀನಿ, ಕೋರ್ಸ್ ಮುಗಿಯೋ ತನಕ ಎಣ್ಣೆ ಬಿಡಿ. ಕೀಟೊಕೊನಜೋಲ್ ಅಂತ ಇನ್ನೊಂದಿದೆ, ಅದರ ಮಾತ್ರೆ ಲಿವರ್ ಹಾಳು ಮಾಡುತ್ತೆ ಅಂತ 2013ರಲ್ಲೇ ಯುರೋಪು, ಅಮೆರಿಕದಲ್ಲಿ ಚರ್ಮದ ಫಂಗಸ್‌ಗೆ ಬೇಡ ಅಂದ್ರು. ಅದರ ಶಾಂಪೂ, ಕ್ರೀಮಿಗೆ ಈ ಮಾತು ಅನ್ವಯಿಸಲ್ಲ.

ಅರ್ಧಕ್ಕೆ ಬಿಡೋದು ಇನ್ನೊಂದು ದೊಡ್ಡ ಕಾಟ. ವಾರದಲ್ಲಿ ಕಡಿತ ನಿಲ್ಲುತ್ತೆ, ನಾಲ್ಕು ಕ್ಯಾಪ್ಸೂಲೂ ಖಾಲಿ, ವಾಸಿ ಆಯ್ತು ಅಂದ್ಕೋತಾರೆ, ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಇನ್ನೂ ಅಗಲಕ್ಕೆ. ಈಗ ಚರ್ಮಕ್ಕೆ ಕಡಿಮೆ ಅಂದ್ರೂ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಕೊಡ್ತಾರೆ. ಉಗುರಿಗಾದ್ರೆ ಟರ್ಬಿನಾಫಿನ್ 250 ಮಿಲಿಗ್ರಾಂ ದಿನಕ್ಕೊಂದರಂತೆ ಕೈ ಉಗುರಿಗೆ 6 ವಾರ, ಕಾಲಿಗೆ 12 ವಾರ, ಅದಾದ ಮೇಲೂ ಒಳ್ಳೆ ಉಗುರು ಪೂರ್ತಿ ಬೆಳೆದು ಬರೋಕೆ ತಿಂಗಳುಗಳೇ ಬೇಕು. ನಮ್ಮ ದೇಶದಲ್ಲಿ ಈಗ ಹರಡ್ತಿರೋ ಟ್ರೈಕೊಫೈಟಾನ್ ಇಂಡೊಟಿನಿಯೆ ಅನ್ನೋ ಫಂಗಸ್ ಟರ್ಬಿನಾಫಿನ್‌ಗೆ ಹೆಚ್ಚಾಗಿ ಬಗ್ಗಲ್ಲ, 2023ರಲ್ಲಿ ನ್ಯೂಯಾರ್ಕಲ್ಲೂ ಸಿಕ್ಕಿದೆ. ಚೀಟಿ ಇಲ್ಲದೆ ಕೊಡೋ ಸ್ಟಿರಾಯ್ಡ್ ಮಿಕ್ಸ್ ಕ್ರೀಮು, ಅರೆಬರೆ ಮಾತ್ರೆ ಎರಡೂ ಸೇರಿ ಇದನ್ನ ಸಾಕ್ತಿವೆ ಅನ್ನೋದು ಚರ್ಮದ ಡಾಕ್ಟರುಗಳ ಮಾತು, ನಾನು ಲೈನಲ್ಲಿ ಕಣ್ಣಾರೆ ನೋಡ್ತಿರೋದೂ ಅದನ್ನೇ.

ಅಷ್ಟಕ್ಕೂ ದುಂಡಗೆ ಕಂಡಿದ್ದೆಲ್ಲ ಹುಳಕಡ್ಡಿ ಅಲ್ಲ. ಕಜ್ಜಿ ಇರಬಹುದು, ಸೋರಿಯಾಸಿಸ್ ಇರಬಹುದು, ಮುಟ್ಟಿದ್ರೆ ಸ್ಪರ್ಶನೇ ಗೊತ್ತಾಗದ ಮಚ್ಚೆ ಆದ್ರೆ ಕುಷ್ಠ ಇರಬಹುದು, ಅದಕ್ಕೆ ಸರ್ಕಾರಿ ಆಸ್ಪತ್ರೇಲಿ ಪೂರ್ತಿ ಉಚಿತ ಔಷಧಿ ಇದೆ. ಅನುಮಾನ ಇದ್ರೆ ಡಾಕ್ಟರು ಮಚ್ಚೆ ಅಂಚಿನ ಹೊಟ್ಟನ್ನ ಬ್ಲೇಡಲ್ಲಿ ಮೆಲ್ಲಗೆ ಕೆರೆದು ಗಾಜಿನ ಮೇಲೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಫಂಗಸ್ ಇದ್ರೆ ಎಳೆ ಎಳೆಯಾಗಿ ಕಾಣುತ್ತೆ. ನೋವಿಲ್ಲ, ಖರ್ಚೂ ಕಡಿಮೆ.

ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಲ್ಲಿ ನನ್ನ ಮನವಿ, ಮಳೆಗಾಲದಲ್ಲಿ ಪೇಟೆ ಮೆಡಿಕಲ್ ಶಾಪುಗಳನ್ನ ಒಂದು ಸಲ ಸುತ್ತಿ ನೋಡಿ, ಚೀಟಿ ಇಲ್ಲದೆ ಈ ಮಾತ್ರೆ ಕತ್ತರಿಸಿ ಕೊಡೋದನ್ನ ನಿಲ್ಲಿಸಿ. ಸಕಲೇಶಪುರದ ತಾಲೂಕು ಆಸ್ಪತ್ರೆಯವರು ಹಾಸನದ ಹಿಮ್ಸ್ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದ ಡಾಕ್ಟರುಗಳನ್ನ ಕರೆಸಿ ಹಾನುಬಾಳು, ಹೆತ್ತೂರು ಕಡೆ ಒಂದೊಂದು ಕ್ಯಾಂಪ್ ಮಾಡಿ, ಅಲ್ಲೇ ಕೆಒಎಚ್ ಟೆಸ್ಟು, ಲಿವರ್ ಟೆಸ್ಟಿಗೆ ರಕ್ತ ತೆಗೆಯೋದು ಎರಡೂ ಆದ್ರೆ ಕೂಲಿ ಬಿಟ್ಟು ಹಾಸನಕ್ಕೆ ಹೋಗೋಕಾಗದೋರಿಗೆ ದೊಡ್ಡ ಉಪಕಾರ. ಕ್ಯಾಂಪಿಗೆ ಜನನ ಕರ್ಕೊಂಡು ಬರೋಕೆ ಜೀಪು, ಪಿಕಪ್ಪು ತೋಟದವರ ಹತ್ರ ಇವೆ, ಆ ಹೊಣೆ ನಾವು ರೈಟರುಗಳು ಹೊತ್ಕೋತೀವಿ. ದಿನಾಂಕ ಒಂದು ವಾರ ಮುಂಚೆ ತಿಳಿಸಿದ್ರೆ ಸಾಕು.

ಇಂತಿ,
ಒಬ್ಬ ಎಸ್ಟೇಟ್ ರೈಟರ್,
ಸಕಲೇಶಪುರ ತಾಲೂಕು, ಹಾಸನ ಜಿಲ್ಲೆ